ಝಡ್ ಡ್ರೈವಿನ ಮೇಲೆ ಕೆಂಪು ಇಂಟು

ಸಂಜೀವಕುಮಾರ ಹೊಡೆದ ಮೊದಲ ಏಟಿಗೇ ಭೀಮುವಿನ ತುಟಿ ಒಡೆಯಿತು. ಯಾಕೆ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಎರಡನೆಯದು ಬಿತ್ತು.

‘ನಿನ್ನಿ ಕೆಲಸ ಬಿಡ್ತೇನಿ ಅಂತ ಹಾರಾಡಿದಿ. ಇವತ್ತ ಎಲ್ಲಾ ಅಳಿಸಿ ಬಂದು ನಿಂತೀ ಏನ್ಲೇ, ಬದ್ಮಾಷಾ!’

ಸಿಂದಗಿಯ ಆ ಫ್ಲೆಕ್ಸ್ ಅಂಗಡಿಯಲ್ಲಿ ಇದ್ದದ್ದು ಎರಡೇ ಕಂಪ್ಯೂಟರು. ಮೂರು ವರ್ಷದ ಡಿಸೈನುಗಳೆಲ್ಲ ಒಳಕೋಣೆಯ ಹಳೆಯ ಕಂಪ್ಯೂಟರ್ ಡಬ್ಬಿಯಲ್ಲಿದ್ದವು. ಕೌಂಟರಿನ ಕಂಪ್ಯೂಟರಿಗೆ ಅವು ವೈರಿನ ಮೂಲಕ ಝಡ್ ಡ್ರೈವ್ ಎಂಬ ಹೆಸರಲ್ಲಿ ಕಾಣುತ್ತಿದ್ದವು. ಬೆಳಗಿನಿಂದ ಕರೆಂಟಿರಲಿಲ್ಲ. ಹತ್ತೂವರೆಗೆ ಬಂದದ್ದೇ ತಡ, ಮಾಲೀಕ ಸಂಜೀವಕುಮಾರ ಎರಡನ್ನೂ ಒಟ್ಟಿಗೇ ಚಾಲೂ ಮಾಡಿದ. ಝಡ್ ಮೇಲೆ ಕೆಂಪು ಇಂಟು ಮಾರ್ಕು. ಒತ್ತಿದರೆ ತೆರೆಯಲೊಲ್ಲದು. ಯಂಕಂಚಿಯ ಪರಪ್ಪ ತನ್ನ ಲೀಡರನ ಹುಟ್ಟುಹಬ್ಬಕ್ಕೆ ಹೇಳಿದ್ದ ನಲವತ್ತು ಫ್ಲೆಕ್ಸೂ ಅದರೊಳಗೇ. ಪರಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದ. ಅದೇ ಹೊತ್ತಿಗೆ ಭೀಮು ಮೋರಟಗಿ ಬಸ್ಸಿಳಿದು ಒಳಗೆ ಕಾಲಿಟ್ಟಿದ್ದ.

‘ಯಾರೂ ಅಳಿಸಿಲ್ರಿ ಸಾವಕಾರ್ರ,’ ಭೀಮು ರಕ್ತ ಉಗುಳಿದ. ‘ಇದು ಹೊಸಾದು, ಅರ್ಧ ನಿಮಿಷಕ್ಕ ಎದ್ದು ಕುಂದರ್ತೈತಿ. ಒಳಗಿಂದು ಮುದುಕ, ಏಳಾಕ ಐದು ನಿಮಿಷ ಬೇಕ್ರಿ. ಇದು ಕರದಾಗ ಅದಿನ್ನೂ ಮಲಗಿರ್ತೈತಿ, ಅದಕ್ಕ ಇಂಟು. ಐದು ನಿಮಿಷ ತಡೀರಿ, ಒತ್ತಿದ್ರ ತೆರೀತೈತಿ.’

‘ನಾ ವಿಜಯಪುರದಿಂದ ಆರಿಸಿ ತಂದ ಮಷಿನ್‌ದಾಗ ಐಬು ತಗೀತಿ? ಎಂಟನೇತ್ತಾ ಫೇಲಾದಂವಾ?’

ಐಬು ಅದರದೇ. ಮೊದಲು ಎರಡೂ ಹಳೆಯವು, ಒಟ್ಟಿಗೇ ಆಕಳಿಸಿ ಏಳುತ್ತಿದ್ದವು. ಹೋದ ವಾರ ಹೊಸದು ಬಂದಾಗಿನಿಂದ ಭೀಮು ದಿನಾ ಅರ್ಧ ತಾಸು ಮೊದಲೇ ಬಂದು ಒಳಗಿನದನ್ನು ಎಬ್ಬಿಸುತ್ತಿದ್ದ. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಇವತ್ತು ಅವನು ಬರುವ ಮೊದಲೇ ಮಾಲೀಕ ಎರಡನ್ನೂ ಚಾಲೂ ಮಾಡಿದ್ದ.

‘ಮಗಾ ಟೈಂಪಾಸ್ ಮಾಡಾಕತ್ತಾನ,’ ಎಂದ ಪರಪ್ಪ. ‘ಕೈ ಹಿಡೀರಿ ಅವಂದು.’

ಇಬ್ಬರು ಹಿಂದಿನಿಂದ ಅವುಕಿ ಹಿಡಿದರು. ಫ್ಲೆಕ್ಸಿನ ಅಂಚಿಗೆ ತೂತು ಹೊಡೆದು ಹಿತ್ತಾಳೆ ರಿಂಗು ಕೂಡಿಸುವ ಕೈಮಷಿನ್ನಿನ ಕೆಳಗೆ ಅವನ ಬಲಗೈ ಇಟ್ಟರು. ಆ ಹಿಡಿಕೆಯನ್ನು ಸಾವಿರ ಸಲ ಜಗ್ಗಿದವನು ಭೀಮುವೇ. ಎಷ್ಟು ಜಗ್ಗಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಉಣ್ಣುವ ಕೈ ಅದು, ಮೌಸ್ ಹಿಡಿಯುವ ಕೈ ಅದು.

ಡಿಸೈನ್ ಮಾಡುವ ಶೈಲಶ್ರೀ ಒಳಕೋಣೆಗೆ ಓಡಿ ಅಲ್ಲಿಂದಲೇ ಚೀರಿದಳು. ‘ಇದರ ಪರದ್ಯಾಗ ಇನ್ನೂ ಚಕ್ರ ತಿರಗಾಕತ್ತೈತ್ರಿ ಅಣ್ಣಾರ! ಎರಡು ನಿಮಿಷ ತಡೀರಿ, ನಿಮ್ಮ ಕಾಲಿಗಿ ಬೀಳ್ತೇನಿ!’

‘ತಗದು ಎಲ್ಲಿ ಇಟ್ಟೀ ಹೇಳ್,’ ಸಂಜೀವಕುಮಾರ ಹಿಡಿಕೆಗೆ ಕೈ ಹಾಕಿದ.

‘ಒಳಗ ಐತ್ರಿ.’

‘ಎಲ್ಲಿ?’

‘ಒಳಗ ಐತಿ ಅಂದ್ನೆಲ್ಲೋ ಹಲ್ಕಟ್ಟಾ!’

ಮೂರು ವರ್ಷ ಪ್ರತಿ ಮಾತಿಗೂ ಹಚ್ಚುತ್ತಿದ್ದ ‘ರಿ’ ಉದುರಿಬಿದ್ದಿತ್ತು. ಸಂಜೀವಕುಮಾರ ಹಿಡಿಕೆ ಜಗ್ಗಿದ.

ಕಟ್ ಎಂದಿತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸದಲ್ಲಿ ಹಿತ್ತಾಳೆ ರಿಂಗು ಕೂತಿತು, ಫ್ಲೆಕ್ಸಿಗೆ ಕೂತಂತೆ ಅಚ್ಚುಕಟ್ಟಾಗಿ. ಭೀಮುವಿನ ಕೂಗಿಗೆ ರಸ್ತೆಯ ಮಂದಿ ನಿಂತು ನೋಡಿದರು.

ಶೈಲಶ್ರೀ ಹೊರಗೆ ಬಂದು ಕೌಂಟರಿನ ಕಂಪ್ಯೂಟರಿನಲ್ಲಿ ಝಡ್ ಒತ್ತಿದಳು. ತೆರೆಯಿತು. ನಲವತ್ತೂ ಇದ್ದವು. ಹೂವಿನ ಹಾರ ಹಾಕಿಕೊಂಡ ಲೀಡರ್ ಪರದೆಯಿಂದ ಎಲ್ಲರಿಗೂ ಕೈ ಮುಗಿದ.

ಹಿಡಿದವರು ಕೈ ಬಿಟ್ಟರು. ಪರಪ್ಪ ಬೇರೆಲ್ಲೋ ನೋಡಿದ. ಸಂಜೀವಕುಮಾರ ಕೆಮ್ಮಿದ.

‘ಗೊತ್ತಾಗ್ಲಿಲ್ಲೋ ಭೀಮ್ಯಾ. ದವಾಖಾನಿಗಿ ಹೋಗೂಣು. ಮೊದಲ ಆ ನಲವತ್ತು ಪ್ರಿಂಟಿಗಿ ಹಾಕಿಬಿಡು.’

ಭೀಮು ಒಳಗೆ ಹೋದ. ಹಳೆಯ ಡಬ್ಬಿಯ ಪಕ್ಕದ ಮುಚ್ಚಳಕ್ಕೆ ಎಂದೂ ಸ್ಕ್ರೂ ಇರಲಿಲ್ಲ. ಎಡಗೈ ತೂರಿಸಿ, ಬಿಸಿಯಾಗಿದ್ದ ಹಾರ್ಡ್ ಡಿಸ್ಕನ್ನು ವೈರ್ ಸಮೇತ ಕಿತ್ತ. ಅದನ್ನು ತಂದು ಹೊಸ್ತಿಲ ಕಲ್ಲಿನ ಮೇಲೆ ಒಗೆದು, ಫ್ರೇಮಿಗೆ ಮೊಳೆ ಬಡಿಯುವ ಸುತ್ತಿಗೆ ಎತ್ತಿದ.

‘ಏ, ಏ, ಬ್ಯಾಡೋ!’ ಸಂಜೀವಕುಮಾರ ಮುಂದೆ ಬಂದ. ಸುತ್ತಿಗೆ ಅವನತ್ತ ತಿರುಗಿತು. ಅವನು ಅಲ್ಲೇ ನಿಂತ.

‘ಅಳಿಸಿದಿ ಅಂದ್ಯಲ್ಲ,’ ಎಂದ ಭೀಮು. ‘ನೋಡಿಲ್ಲಿ. ಅಳಸೂದಂದ್ರ ಇದು.’

ಒಂದು ಏಟಿಗೆ ಡಿಸ್ಕು ಬಾಗಿತು, ಎರಡಕ್ಕೆ ಬಾಯಿ ಬಿಟ್ಟಿತು, ಮೂರಕ್ಕೆ ಒಳಗಿನ ಹೊಳಪು ತಟ್ಟೆ ಚೂರಾಗಿ ಪರಪ್ಪನ ಚಪ್ಪಲಿಯವರೆಗೂ ಸಿಡಿಯಿತು. ರಿಂಗಿನ ತೂತಿನಿಂದ ರಕ್ತ ತೊಟ್ಟಿಕ್ಕುತ್ತಿದ್ದ ಕೈಯನ್ನು ಎದೆಗೆ ಅವುಚಿಕೊಂಡು ಭೀಮು ಹೊಸ್ತಿಲು ದಾಟಿದ.

‘ಈಗ ಕಾಯಿ,’ ಎಂದ. ‘ಐದು ನಿಮಿಷ ಅಲ್ಲ. ಎಷ್ಟಾರ ಹೊತ್ತು ಕಾಯಿ.’