ಬೀಗರ ಮುಂದೆ ಕಾರಿನಿಂದ ಇಳಿಯದವನು

ನನ್ನ ಸೊಂಟದ ವಿಷಯ ಹೆಂಡತಿ ಹನಿಯಾಗೆ ಮಾತ್ರ ಗೊತ್ತಿತ್ತು. ಗೊತ್ತಿಲ್ಲದೆ ಇರಲು ಸಾಧ್ಯವೂ ಇರಲಿಲ್ಲ. ದಿನಾ ಬೆಳಿಗ್ಗೆ ನನ್ನ ಕಾಲಿಗೆ ಸಾಕ್ಸ್ ಹಾಕುತ್ತಿದ್ದವಳು ಅವಳೇ. ನಮ್ಮೂರು ಖೆನಿಫ್ರಾದ ಟ್ಯಾಕ್ಸಿ ನಿಲ್ದಾಣದಲ್ಲಿ ಬೆನಾಸರ್ ಎಂದರೆ ಬಾಯಿಯೂ ಜೋರು, ಕೈಯೂ ಜೋರು ಎಂದು ಹೆಸರು. ಆ ಬೆನಾಸರನಿಗೆ ಹೆಂಡತಿ ನೆಲದ ಮೇಲೆ ಕೂತು ಸಾಕ್ಸ್ ಹಾಕುತ್ತಾಳೆ ಎಂದು ಹೊರಗೆ ಗೊತ್ತಾಗುವುದಕ್ಕಿಂತ ಕಾರು ಸಮೇತ ನದಿಗೆ ಬೀಳುವುದೇ ವಾಸಿ ಎಂದು ನಾನು ಅಂದುಕೊಂಡಿದ್ದೆ.

ನೋವು ಎಡಗಡೆಯ ಕುಂಡಿಯಲ್ಲಿ ಹುಟ್ಟಿ, ತೊಡೆಯ ಹಿಂದಿನಿಂದ ಇಳಿದು, ಹಿಮ್ಮಡಿಯವರೆಗೆ ಕಾದ ತಂತಿ ಎಳೆದ ಹಾಗೆ ಹೋಗುತ್ತಿತ್ತು. ನಮ್ಮ ಕಡೆ ಇದನ್ನು ಬೂಜಲ್ಲೂಮ್ ಅನ್ನುತ್ತಾರೆ. ಬಂದದ್ದು ಎಲ್ಲಿಂದ ಎಂದು ಯಾವ ವೈದ್ಯನೂ ನನಗೆ ಹೇಳಬೇಕಾಗಿರಲಿಲ್ಲ. ಹಳೆಯ ಜರ್ಮನ್ ಕಾರುಗಳ ಕಾಲದಲ್ಲಿ ಹಿಂದೆ ನಾಲ್ಕು ಜನ, ಮುಂದೆ ಚಾಲಕನ ಪಕ್ಕ ಇಬ್ಬರು. ಆರು ಜನ ತುಂಬದೆ ಟ್ಯಾಕ್ಸಿ ಹೊರಡುವುದಿಲ್ಲ. ಮುಂದಿನ ಇಬ್ಬರಿಗೆ ಜಾಗ ಬಿಟ್ಟು ನಾವು ಬಾಗಿಲಿಗೆ ಅಂಟಿಕೊಂಡು, ಎಡ ಕುಂಡಿಯ ಮೇಲೆ ಭಾರ ಹಾಕಿ, ಮೈ ವಾರೆ ಮಾಡಿ ಓಡಿಸುತ್ತಿದ್ದೆವು. ನನ್ನ ಯೌವನವೆಲ್ಲ ಹಾಗೇ ವಾರೆಯಾಗಿ ಹೋಯಿತು. ಆಮೇಲೆ ಏಳು ಸೀಟಿನ ಹೊಸ ಕಾರುಗಳು ಬಂದವು. ಚಾಲಕನಿಗೆ ತನ್ನದೇ ಸೀಟು. ಆದರೆ ಆ ಸೀಟಿನಲ್ಲೂ ನಾನು ಬಾಗಿಲಿಗೆ ಒರಗಿಯೇ ಕೂರುತ್ತಿದ್ದೆ. ನೆಟ್ಟಗೆ ಕೂರು ಎಂದರೆ ಮೈಗೆ ಗೊತ್ತಾಗಬೇಕಲ್ಲ. ಸೀಟಿನ ನಡು ಬೇರೆ ಕುಸಿದು ತಗ್ಗಾಯಿತು. ಕುರಿಯ ಚರ್ಮ ಹಾಸಿದೆ, ಸ್ಪಂಜು ತುರುಕಿದೆ, ಮಡಚಿದ ಗೋಣಿಚೀಲ ಇಟ್ಟೆ. ಎಲ್ಲವನ್ನೂ ಸೀಟಿನ ಕವರಿನ ಒಳಗೇ ಇಟ್ಟೆ, ಹೊರಗೆ ಕಾಣಬಾರದಲ್ಲ.

ಯಾಕೆಂದರೆ ನಿಲ್ದಾಣದಲ್ಲಿ ಜಿಲಾಲಿ ಎಂಬವನಿದ್ದ. ಅವನಿಗೂ ಇದೇ ರೋಗ. ಅವನು ಮುಚ್ಚಿಡದೆ ಹಸಿರು ಹೂವಿನ ದಿಂಬೊಂದನ್ನು ಬಗಲಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದ, ಚಹಾದಂಗಡಿಗೆ ಹೋದರೂ ಅದರ ಮೇಲೇ ಕೂರುತ್ತಿದ್ದ. ನಮ್ಮ ಕಡೆ ಮದುವೆಯಲ್ಲಿ ದಿಂಬಿನ ಮೇಲೆ ಕೂರುವವಳು ಮದುಮಗಳು. ಹಾಗಾಗಿ ನಿಲ್ದಾಣವೆಲ್ಲ ಅವನನ್ನು ಮದುಮಗಳು ಎಂದೇ ಕರೆಯುತ್ತಿತ್ತು. "ಮದುಮಗಳ ಸರದಿ ಬಂತು, ಮುಸುಕು ಸರಿ ಮಾಡ್ರೋ," ಎಂದು ಕೂಗುತ್ತಿದ್ದರು. ಅವನು ನಗುತ್ತಿದ್ದ. ನನಗೆ ಯಾರಾದರೂ ಹಾಗಂದಿದ್ದರೆ ಹಲ್ಲು ಉದುರುತ್ತಿದ್ದವು.

ಹನಿಯಾಳ ಕಾಟಕ್ಕೆ ಬೆಟ್ಟದ ಮೇಲಿನ ಹಳ್ಳಿಯ ನಾಟಿ ವೈದ್ಯನೊಬ್ಬನಿಂದ, ಈ ನೋವಿಗೆ ಅದೇ ಮದ್ದೆಂದು, ಕಿವಿಗೆ ಬರೆ ಹಾಕಿಸಿಕೊಂಡೂ ಬಂದೆ. ಆ ಮುದುಕ ಬಿಸಿ ಕಬ್ಬಿಣ ಮುಟ್ಟಿಸಿ, "ಇನ್ನು ಕುದುರೆ ಥರ ಓಡ್ತೀಯ," ಅಂದ. ಕಾಲು ನೋವು ಹಾಗೇ ಉಳಿಯಿತು, ಕಿವಿ ನೋವು ಹೆಚ್ಚಾಯಿತು. ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ತಿರುಗಿದೆ. ಪ್ರಯಾಣಿಕರ ಮೂಟೆ ಎತ್ತಲಾಗುತ್ತಿರಲಿಲ್ಲ. "ನಿಮ್ಮ ಸಾಮಾನು ನೀವೇ ಮೇಲೆ ಹಾಕ್ಕೊಳ್ಳಿ, ನಾನು ಕೂಲಿ ಅಲ್ಲ," ಎಂದು ಗದರುತ್ತಿದ್ದೆ. ಸೊಕ್ಕಿನವನು ಎಂದರು. ಅನ್ನಲಿ. ಕುಂಟ ಅನ್ನುವುದಕ್ಕಿಂತ ಸೊಕ್ಕಿನವನು ಅನ್ನುವುದು ಮೇಲು.

ಹೀಗಿರುವಾಗ ಮಗಳು ತೂದಾಗೆ ಅಜ್ರೂ ಊರಿನಿಂದ ಸಂಬಂಧ ಬಂತು. ಹುಡುಗ ಮಿಮೂನ್, ಮರಗೆಲಸದವನು, ತಂದೆ ಇಲ್ಲ. ಅವನ ದೊಡ್ಡಪ್ಪ ಹಾಜಿ ಅಸ್ಸು ಹೇಳಿದ್ದೇ ಆ ಮನೆಯಲ್ಲಿ ಕೊನೆಯ ಮಾತು. ಸಕ್ಕರೆ ತಂದು, ಫಾತಿಹಾ ಪ್ರಾರ್ಥನೆ ಓದಿ ಮಾತು ಗಟ್ಟಿ ಮಾಡಿಕೊಳ್ಳುವುದು ಶುಕ್ರವಾರ ಎಂದಾಯಿತು. ನಾನು ಫೋನಿನಲ್ಲಿ, "ಬಾಡಿಗೆ ಕಾರು ಯಾಕೆ ಹಾಜಿ, ಈ ರಸ್ತೇಲಿ ಊರಿನವರನ್ನೆಲ್ಲ ಓಡಿಸೋನು ನಾನು, ನನ್ನ ಬೀಗರನ್ನ ನಾನೇ ಕರ್ಕೊಂಡು ಬರ್ತೀನಿ," ಎಂದುಬಿಟ್ಟೆ.

ಹನಿಯಾ ಹಣೆ ಹಣೆ ಬಡಿದುಕೊಂಡಳು. "ನಿನ್ನೆ ಪಾಯಿಖಾನೆಯಿಂದ ಎದ್ದು ಬರೋಕೆ ನನ್ನ ಕೂಗಿದೋನು ನೀನು. ಅಲ್ಲಿಗೆ ಹೋಗಿ ಇಲ್ಲಿಗೆ ಬರೋವರೆಗೆ ಕೂತಿರ್ತೀಯಾ?"

"ಕೂರೋದೇ ನನ್ನ ಕೆಲಸ."

"ಕೂರ್ತೀಯ. ಏಳೋದು ಯಾರು? ಆ ಹಾಜಿಗೆ ಮೂಗಿನ ತುದೀಲೇ ಸಿಟ್ಟಂತೆ. ನಿನ್ನ ಸಿಟ್ಟು ಬೇರೆ. ನನ್ನ ಮಗಳನ್ನ ಇಬ್ಬರ ನಡುವೆ ಅರೀಬೇಡಿ."

ಶುಕ್ರವಾರ ಬೆಳಿಗ್ಗೆ ಎಂದಿನಂತೆ ಅವಳ ಮುಂದೆ ಕಾಲು ಚಾಚಿದೆ. ಅವಳು ಸಾಕ್ಸ್ ಹಾಕಿ, ಬೂಟಿನ ದಾರ ಕಟ್ಟಿ, ಹೆಬ್ಬೆರಳ ಹತ್ತಿರ ಒಮ್ಮೆ ಒತ್ತಿ ನೋಡಿ, "ಉಗುರು ಕತ್ತರಿಸಬೇಕಿತ್ತು," ಅಂದಳು. ಹೊತ್ತಾಯಿತು ಎಂದು ಹೊರಟೆ.

ಹೋಗುವಾಗ ಖಾಲಿ ಕಾರು. ಮ್ರೀರ್ತ್ ಊರು ದಾಟಿ ಒಂದು ಕಡೆ ನಿಲ್ಲಿಸಿ, ಇಳಿದು, ದೇವದಾರು ಮರಕ್ಕೆ ಒರಗಿ ನಿಂತು ಸುಧಾರಿಸಿಕೊಂಡೆ. ಬರುವಾಗ ಆ ಸೌಕರ್ಯ ಇಲ್ಲ. ಪಕ್ಕದಲ್ಲಿ ಹಾಜಿ ಅಸ್ಸು, ಬಿಳಿ ಜೆಲಾಬ ನಿಲುವಂಗಿ ತೊಟ್ಟು ಕೋಲು ನೆಟ್ಟಗೆ ಹಿಡಿದು ಕೂತಿದ್ದ. ಹಿಂದೆ ಮಿಮೂನ್, ಅವನ ತಾಯಿ ರಾಬಹಾ, ಹೆಣ್ಣುಮಕ್ಕಳು. ಕಾರಿನ ನೆತ್ತಿಯ ಮೇಲೆ ದೊಡ್ಡ ಬುಟ್ಟಿ; ಅದರಲ್ಲಿ ನೀಲಿ ಕಾಗದ ಸುತ್ತಿದ ಸಕ್ಕರೆಯ ಗೋಪುರಗಳು, ಗೋರಂಟಿ, ಖರ್ಜೂರ, ತೂದಾಗೆ ಬಟ್ಟೆ. ಮಿಮೂನನೇ ಮೇಲೆ ಹತ್ತಿ ಕಟ್ಟಿದ. ನಾನು ಕೆಳಗೆ ನಿಂತು ಅಪ್ಪಣೆ ಕೊಟ್ಟೆ.

ಅರ್ಧ ದಾರಿಯಲ್ಲಿ ತಂತಿ ಕಾಯತೊಡಗಿತು. ಪ್ರತಿ ಸಲ ಕ್ಲಚ್ ಒತ್ತಿದಾಗ ಹಿಮ್ಮಡಿಯಿಂದ ಬೆನ್ನಿಗೆ ಮಿಂಚು ಹೊಡೆಯುತ್ತಿತ್ತು. ಹಲ್ಲು ಕಚ್ಚಿಕೊಂಡೆ. ಹಾಜಿ ಬೆಳೆ, ಮಳೆ, ಕುರಿಯ ಬೆಲೆ ಎಂದು ಏನೇನೋ ಕೇಳಿದ. ನಾನು ಹೂಂ ಅಂದೆ, ಆಮೇಲೆ ಅದನ್ನೂ ಅನ್ನಲಿಲ್ಲ.

"ಬೀಗರು ಮಾತಾಡಲ್ಲ," ಎಂದು ಹಾಜಿ ಹಿಂದಕ್ಕೆ ತಿರುಗಿ ಹೇಳಿದ. "ಮಾತಿಗೂ ಮೀಟರ್ ಇದೆಯೇನೋ."

ಹೆಂಗಸರು ನಕ್ಕರು. ನಾನು ನಗಲಿಲ್ಲ. ಬಾಯಿ ಬಿಟ್ಟರೆ ನರಳುತ್ತಿದ್ದೆ.

ನಮ್ಮ ಬೀದಿಗೆ ಬಂದಾಗ ಬಾಗಿಲಲ್ಲಿ ಹನಿಯಾ ಹಾಲು, ಖರ್ಜೂರದ ತಟ್ಟೆ ಹಿಡಿದು ನಿಂತಿದ್ದಳು. ಹೆಂಗಸರು ನಾಲಗೆ ಹೊರಳಿಸಿ ಕೇಕೆ ಹಾಕಿದರು. ಅಕ್ಕಪಕ್ಕದವರೆಲ್ಲ ಕಿಟಕಿಗೆ ಬಂದಿದ್ದರು. ಬೀಗರು ಒಬ್ಬೊಬ್ಬರಾಗಿ ಇಳಿದು ಬಟ್ಟೆ ಸರಿಮಾಡಿಕೊಂಡು ನಿಂತರು. ಮನೆಯ ಯಜಮಾನ ಮುಂದೆ ನಡೆಯದೆ ಅವರು ಹೊಸಿಲು ದಾಟುವಂತಿಲ್ಲ.

ನಾನು ಬಾಗಿಲು ತೆರೆದೆ. ಎಡಗಾಲು ಹೊರಗೆ ಹಾಕಲು ನೋಡಿದೆ. ಕಾಲು ಬರಲಿಲ್ಲ. ಸೊಂಟದ ಕೆಳಗೆ ಯಾರೋ ಮೊಳೆ ಹೊಡೆದು ನನ್ನನ್ನು ಸೀಟಿಗೆ ಜಡಿದ ಹಾಗಿತ್ತು. ಇನ್ನೊಮ್ಮೆ ನೋಡಿದೆ. ಕಣ್ಣಿಗೆ ಕತ್ತಲೆ ಬಂತು. ಬಾಗಿಲು ಎಳೆದುಕೊಂಡೆ.

"ಇಳೀರಿ ಬೀಗರೆ, ಹಾಲು ಆರುತ್ತೆ," ಅಂದ ಹಾಜಿ.

"ನೀವು ನಡೀರಿ."

"ನಿಮ್ಮನ್ನ ಬಿಟ್ಟು ನಿಮ್ಮ ಮನೆಗೆ ನಾವು ನಡೆಯೋದು ಹೇಗೆ?"

ಸೊಂಟ ಹಿಡಿದಿದೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬೀದಿಯ ಕಿಟಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದವು. ಮೇಲಿನ ಕಿಟಕಿಯಲ್ಲಿ ತೂದಾಳ ಮುಖ ಕಂಡಿತು. ನಾನು ಮಾಡಿದ್ದು ಇದು: "ಕಾರು ತಿರುಗಿಸಿ ಬರ್ತೀನಿ," ಎಂದು ಗೊಣಗಿ, ಗಾಡಿ ಚಾಲೂ ಮಾಡಿ, ಹೊರಟೇ ಹೋದೆ. ಕೇಕೆ ಅರ್ಧಕ್ಕೆ ನಿಂತಿತು. ಕನ್ನಡಿಯಲ್ಲಿ ಹನಿಯಾ ತಟ್ಟೆ ಹಿಡಿದೇ ನಿಂತದ್ದು ಕಂಡಿತು. ಮಿಮೂನ್ ಒಂದಿಷ್ಟು ದೂರ ಕಾರಿನ ಹಿಂದೆ ಓಡಿ ಬಂದ. ಯಾಕೆ ಓಡಿದ ಎಂದು ನನಗೆ ತಿರುವು ದಾಟಿದ ಮೇಲೆ ಹೊಳೆಯಿತು: ಬುಟ್ಟಿ ಇನ್ನೂ ನನ್ನ ನೆತ್ತಿಯ ಮೇಲಿತ್ತು. ಬೀಗರ ಸಕ್ಕರೆಯನ್ನು ಊರೆಲ್ಲ ನೋಡುವ ಹಾಗೆ ಹೊತ್ತುಕೊಂಡು ನಾನು ಓಡುತ್ತಿದ್ದೆ.

ಎಲ್ಲಿಗೆ ಹೋಗಲಿ. ಕೈ ತಾನಾಗಿ ನಿಲ್ದಾಣಕ್ಕೆ ತಿರುಗಿಸಿತು. ಶುಕ್ರವಾರದ ನಮಾಜಿನ ನಂತರದ ಹೊತ್ತು, ನಿಲ್ದಾಣದಲ್ಲಿ ಜಿಲಾಲಿ ಒಬ್ಬನೇ ತನ್ನ ದಿಂಬಿನ ಮೇಲೆ ಕೂತು ಸರದಿ ಕಾಯುತ್ತಿದ್ದ. ಫೋನು ಒಂದೇ ಸಮ ಹೊಡೆದುಕೊಳ್ಳುತ್ತಿತ್ತು. ಹನಿಯಾ. ನಾನು ಎತ್ತಲಿಲ್ಲ.

ಜಿಲಾಲಿ ಬುಟ್ಟಿ ನೋಡಿದ, ನನ್ನ ಮುಖ ನೋಡಿದ, ನನ್ನ ಕಾಲು ನೋಡಿದ.

"ಯಾವಾಗಿಂದ?"

"ಏನು ಯಾವಾಗಿಂದ?" ಎಂದು ಗದರಿದೆ.

"ಬೆನಾಸರ್, ನೀನು ಕೆಮ್ಮೋವಾಗ ಸ್ಟಿಯರಿಂಗ್ ಹಿಡ್ಕೊಳ್ತೀಯ. ನಾನು ಹೋದ ಬೇಸಿಗೆಯಿಂದ ನೋಡ್ತಿದೀನಿ. ಹೇಳಿದ್ರೆ ಹೊಡೀತೀಯ ಅಂತ ಸುಮ್ನಿದ್ದೆ."

ನನಗೆ ಅಳು ಬಂತು. ಅಳಲಿಲ್ಲ, ಮಗಳು, ಹಾಜಿ, ಬಾಗಿಲು ಎಂದು ತುಂಡು ತುಂಡಾಗಿ ಬೈಯುತ್ತಲೇ ಎಲ್ಲ ಹೇಳಿದೆ. ಅವನು ನಗಲಿಲ್ಲ. ಸೀಟನ್ನು ಹಿಂದಕ್ಕೆ ಪೂರ್ತಿ ಸರಿಸಿದ. ತನ್ನ ಕಾರಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು, "ಸರ್ಕಾರ ಪ್ಲಾಸ್ಟಿಕ್ ಚೀಲ ನಿಲ್ಲಿಸಿದಾಗ ಬಚ್ಚಿಟ್ಟೆ, ಇದರ ಮೇಲೆ ಮೈ ಸುಲಭವಾಗಿ ತಿರುಗುತ್ತೆ," ಎಂದು ನನ್ನ ಕುಂಡಿಯ ಕೆಳಗೆ ತೂರಿಸಿದ. "ಎರಡು ಮಂಡೀನೂ ಜೋಡಿಸು. ಒಂದು ಕಾಲು ಮೊದಲು ಹಾಕ್ಬೇಡ, ಕಳ್ಳನ ಹಾಗೆ. ಮೈ ಪೂರ್ತಿ ಒಟ್ಟಿಗೆ ತಿರುಗಿಸು." ಚೀಲ ಜಾರಿತು, ಅದರ ಜೊತೆ ನಾನೂ ಜಾರಿದೆ. ಹೆಗಲಿಗೆ ಕೈ ಕೊಟ್ಟು ಎಬ್ಬಿಸಿದ. ಬಿಲ್ಲಿನ ಹಾಗೆ ಬಾಗಿಯೇ ನಿಂತೆ. ಆಮೇಲೆ ಅವನು ನನ್ನನ್ನು ಪಕ್ಕದ ಸೀಟಿಗೆ, ಅದೇ ಚೀಲದ ಮೇಲೆ ಕೂರಿಸಿದ, ಬೆನ್ನಿಗೆ ಆ ಹಸಿರು ಹೂವಿನ ದಿಂಬು ಕೊಟ್ಟ. ನನ್ನ ಕಾರಿನಲ್ಲಿ ನಾನು ಪಕ್ಕದ ಸೀಟಿನಲ್ಲಿ ಕೂತದ್ದು ಅದೇ ಮೊದಲು.

"ಟೈರ್‌ಗೆ ಗಾಳಿ ಕಮ್ಮಿ ಇತ್ತು ಅಂತ ಹೇಳೋಣ," ಅಂದೆ.

"ನಿನ್ನ ಟೈರು, ನಿನ್ನ ಗಾಳಿ," ಅಂದ ಜಿಲಾಲಿ.

ವಾಪಸ್ ಬಂದಾಗ ಹೆಂಗಸರನ್ನು ಹನಿಯಾ ಹೇಗೋ ಒಳಗೆ ಕೂರಿಸಿದ್ದಳು. ಹಾಜಿ ಅಸ್ಸು ಮಾತ್ರ ಬೀದಿಯ ನಡುವೆ ಕೋಲು ಊರಿ ನಿಂತಿದ್ದ. ಮಿಮೂನ್ ಪಕ್ಕದಲ್ಲಿ ನೆಲ ನೋಡುತ್ತಿದ್ದ. ನೆರೆಹೊರೆಯವರು ಈಗ ಕಿಟಕಿ ಬಿಟ್ಟು ಬೀದಿಗೇ ಬಂದಿದ್ದರು.

"ಸಕ್ಕರೆ ಮಾರಿ ಬಂದ್ರಾ?" ಅಂದ ಹಾಜಿ. "ಒಳ್ಳೆ ರೇಟು ಸಿಕ್ತಾ?"

"ಟೈರ್‌ಗೆ ಗಾಳಿ..."

"ಗಾಳಿ ಹಾಕಿಸ್ಕೊಂಡು ಬಂದವರು ಈಗಲಾದ್ರೂ ಇಳೀರಿ."

ನಾನು ಇಳಿಯಲಿಲ್ಲ. ಜಿಲಾಲಿ ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಮುಂದೆ ನೋಡುತ್ತಿದ್ದ. ಹಾಜಿಯ ಗಡ್ಡ ಅದುರಿತು. "ನೋಡಿ ಬೀಗರೆ, ದಾರಿ ಉದ್ದಕ್ಕೂ ಬಾಯಿ ಬಿಡ್ಲಿಲ್ಲ. ಬಾಗಿಲಲ್ಲಿ ನಿಲ್ಲಿಸಿ ಓಡಿ ಹೋದ್ರಿ. ನಮ್ಮ ಹುಡುಗ ಬೇಡ ಅಂದ್ರೆ ಫೋನಲ್ಲೇ ಹೇಳ್ಬಹುದಿತ್ತು. ತಂದೆ ಇಲ್ಲದ ಹುಡುಗನ್ನ ಬೀದೀಲಿ ನಿಲ್ಲಿಸಿ ನೋಡೋದು ಯಾವ ಗಂಡಸ್ತನ? ಮಿಮೂನ್, ಬುಟ್ಟಿ ಇಳಿಸು. ಅಮ್ಮನ್ನ ಕರಿ."

ಮಿಮೂನ್ ಬುಟ್ಟಿಯ ಹಗ್ಗಕ್ಕೆ ಕೈ ಹಾಕಿದ. ಮೇಲಿನ ಕಿಟಕಿ ಪಟಾರನೆ ಮುಚ್ಚಿತು.

ಆಗ ನನ್ನ ತಲೆಗೆ ರಕ್ತ ಏರಿತು. ಬೇರೆಯವರು ಇಂಥದ್ದನ್ನು ಹತ್ತಿರ ಕರೆದು ಮೆಲ್ಲಗೆ ಹೇಳುತ್ತಾರೆ. ನಾನು ನಿಲ್ದಾಣದಲ್ಲಿ ಪ್ರಯಾಣಿಕರನ್ನು ಕೂಗುವ ಗಂಟಲಿನಲ್ಲಿ ಕೂಗಿದೆ. "ಇಳಿಯೋಕೆ ಆಗ್ಲಿಲ್ಲ ಹಾಜಿ. ಸೊಂಟ ಹೋಗಿದೆ. ಈ ಸೀಟು ನನ್ನ ಸೊಂಟ ತಿಂದು ಹಾಕಿದೆ. ಚಡ್ಡಿ ಏರಿಸೋಕೂ ನನ್ನ ಹೆಂಡತಿ ಬೇಕು. ಸಾಕಾ? ಇನ್ನೇನು ಹೇಳ್ಲಿ?"

ಬ್ರೆಡ್ಡಿನ ಅಂಗಡಿಯವನ ಕೈಯಲ್ಲಿದ್ದ ಹಲಗೆ ಹಾಗೇ ನಿಂತಿತು. ಯಾರೋ ಹೆಂಗಸು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು.

ಹಾಜಿ ಕಾರಿನ ಹತ್ತಿರ ಬಂದ. "ಸೊಂಟ ಹೋಗಿದ್ರೂ ಗಂಟಲು ಗಟ್ಟಿಯಾಗಿದೆ," ಅಂದ. ಆಮೇಲೆ ಕೋಲನ್ನು ಕಾರಿಗೆ ಒರಗಿಸಿ, ಬಾಗಿಲು ತಾನೇ ತೆರೆದ. "ಇದನ್ನ ಅಜ್ರೂನಲ್ಲೇ ಹೇಳಿದ್ರೆ ನನ್ನ ತಮ್ಮನ ಮಗನೇ ಓಡಿಸ್ತಿದ್ದ. ಮುಂದೆ ನಡೀಬೇಕಾದ ಯಜಮಾನನ್ನ ಎತ್ಕೊಂಡು ಹೋಗೋಣ, ಏನ್ಮಾಡೋದು."

ಎತ್ತಲಿಲ್ಲ, ಆದರೆ ಹೆಚ್ಚು ಕಡಿಮೆ ಹಾಗೇ. ಜಿಲಾಲಿ ಒಂದು ಕಡೆ, ಮಿಮೂನ್ ಒಂದು ಕಡೆ. ಪ್ಲಾಸ್ಟಿಕ್ ಚೀಲ ನನ್ನ ಪ್ಯಾಂಟಿಗೆ ಅಂಟಿಕೊಂಡು ಬಾಗಿಲವರೆಗೆ ಬಂತು. ಹನಿಯಾ ಅದನ್ನು ಕಿತ್ತು ಮಡಚಿ ಶಾಲಿನೊಳಗೆ ಹಾಕಿಕೊಂಡಳು. ಅವಳು ನನ್ನ ಮುಖ ನೋಡಲಿಲ್ಲ. ಆರಿದ ಹಾಲನ್ನು ಬೀಗರಿಗೆ ಕೊಟ್ಟಳು.

ಬೈಠಕ್ಕಿನಲ್ಲಿ ಎಲ್ಲರೂ ಜಮಖಾನದ ಅಂಚಿನಲ್ಲಿ ಚಪ್ಪಲಿ ಬಿಟ್ಟು ಗೋಡೆಯುದ್ದದ ತಗ್ಗು ಸೋಫಾಗಳ ಮೇಲೆ ಕೂತರು. ಅಷ್ಟು ಕೆಳಗೆ ಕೂತರೆ ನಾನು ಏಳುವವನಲ್ಲ. ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿ ತರಿಸಿದರು. ಜಿಲಾಲಿ ದಿಂಬು ಇಟ್ಟ. ಆ ಹಸಿರು ಹೂವಿನ ದಿಂಬಿನ ಮೇಲೆ, ಎಲ್ಲರಿಗಿಂತ ಎತ್ತರದಲ್ಲಿ, ಎಲ್ಲರೂ ನೋಡುವ ಹಾಗೆ ನಾನು ಕೂತೆ. ನೋಡಬೇಕಾಗಿದ್ದ ಮದುಮಗಳು ಗೋಡೆಯ ಆಚೆ ಇದ್ದಳು.

ಬೂಟು ಮಾತ್ರ ಕಾಲಲ್ಲೇ ಇತ್ತು. ಬೂಟಿನಲ್ಲಿ ಫಾತಿಹಾಕ್ಕೆ ಕೂರುವಂತಿಲ್ಲ. ಹನಿಯಾ ಒಂದು ಹೆಜ್ಜೆ ಮುಂದೆ ಬಂದಳು, ಗಂಡಸರ ನಡುವೆ ಬರಲಾಗದೆ ಬಾಗಿಲಲ್ಲೇ ನಿಂತಳು. ನಾನು ಬಗ್ಗಲು ನೋಡಿದೆ, ಬಾಯಿಂದ ಒಂದು ಶಬ್ದ ಬಂತು. ಅಷ್ಟರಲ್ಲಿ ಮಿಮೂನ್ ನನ್ನ ಕಾಲ ಬುಡದಲ್ಲಿ ಕೂತು ದಾರ ಬಿಚ್ಚತೊಡಗಿದ್ದ.

"ಬಿಡೋ," ಅಂದೆ.

"ಇರ್ಲಿ ಮಾವ."

ನನ್ನ ಮಗಳನ್ನು ಕೇಳಲು ಬಂದ ಹುಡುಗ. ಅವನ ತಾಯಿ ಪಕ್ಕದ ಕೋಣೆಯ ಪರದೆ ಸರಿಸಿ ನೋಡುತ್ತಿದ್ದಳು. ಎಡಗಾಲಿನ ಬೂಟು ಕಳಚಿದಾಗ ಸಾಕ್ಸ್ ಹರಿದು ಹೆಬ್ಬೆರಳು ಹೊರಗಿತ್ತು. ಕತ್ತರಿಸಲು ಬಗ್ಗಲಾಗದೆ, ಹೆಂಡತಿಗೆ ಅದನ್ನೂ ಹೇಳಲು ನಾಚಿ ಬಿಟ್ಟಿದ್ದ ಉಗುರು, ಹಳದಿಯಾಗಿ, ಹದ್ದಿನ ಕೊಕ್ಕಿನ ಹಾಗೆ ಬಾಗಿ ಎಲ್ಲರನ್ನೂ ನೋಡುತ್ತಿತ್ತು. ಮಿಮೂನ್ ಒಂದು ಕ್ಷಣ ತಡೆದ. ಆಮೇಲೆ ಸಾಕ್ಸಿನ ತುದಿಯನ್ನು ಮುಂದಕ್ಕೆ ಎಳೆದು, ಬೆರಳಿನ ಕೆಳಗೆ ಮಡಚಿ, ಬಲಗಾಲಿನ ಬೂಟನ್ನೂ ಕಳಚಿ, ಎಡಗಾಲಿನ ಮೇಲೆ ಆ ಕಾಲನ್ನು ಮೆಲ್ಲಗೆ ಇಟ್ಟು ಎದ್ದ.

ಹಾಜಿ ಅಸ್ಸು ಅಂಗೈ ಬಿಚ್ಚಿ ಫಾತಿಹಾ ಶುರು ಮಾಡಿದ. ಎಲ್ಲರೂ ಕೈ ಎತ್ತಿದರು. ಗೋಡೆಯ ಆಚೆ ಹೆಂಗಸರು ಕೇಕೆಗೆ ಸಿದ್ಧರಾಗಿ ಉಸಿರು ಹಿಡಿದದ್ದು ಕೇಳಿಸುತ್ತಿತ್ತು. ನಾನೂ ಕೈ ಎತ್ತಿದೆ, ತಲೆ ಎತ್ತಲಿಲ್ಲ. ಮಗಳು ಹೋಗುತ್ತಾಳೆಂದು ಅಪ್ಪ ಕಣ್ಣೀರು ಹಾಕುತ್ತಿದ್ದಾನೆ ಎಂದು ರಾಬಹಾ ಪಿಸುಗುಟ್ಟಿದಳು. ನಾನು ನನ್ನ ಕಾಲು ನೋಡುತ್ತಿದ್ದೆ. ಮಡಿಕೆ ಬಿಚ್ಚಿಕೊಂಡೀತೆಂದು ಬೆರಳನ್ನು ಒಳಗೆ ಬಿಗಿಹಿಡಿದು, ಆಮೀನ್ ಎನ್ನುವವರೆಗೂ ಅಲ್ಲಾಡದೆ ಕೂತಿದ್ದೆ.