ರೂಪ್ಲಪ್ಪನ ಮಾತು

"ನಿನ್ನ ಗಂಡ ಏನಂತಾನ ಹೇಳವ್ವ. ಮುಂಬೈಗೆ ಬರಿಯೂದಿದ್ರ ಇವತ್ತಿನ ಟಪಾಲಿಗೇ ಕಾಗದ ಹೋಗಬೇಕು," ಎಂದು ಡಾಕ್ಟರು ಎರಡನೆಯ ಸಲ ಕೇಳಿದರು.

ಜಮುನಾಬಾಯಿ ಗಂಡನ ಕಡೆ ನೋಡಿದಳು. ಹಳಿಯಾಳದ ದವಾಖಾನೆಯ ಬೆಂಚಿನ ಮೇಲೆ ರೂಪ್ಲಪ್ಪ ನೆಟ್ಟಗೆ ಕೂತಿದ್ದ. ಮೂಗಿನಿಂದ ಕೆಳಗೆ ಮುಖವೆಲ್ಲ ಬಿಳಿ ಪಟ್ಟಿ. ಎಡಗಡೆ ಆ ಪಟ್ಟಿ ಒಳಕ್ಕೆ ಕುಸಿದಿತ್ತು, ಏಕೆಂದರೆ ಅಲ್ಲಿ ದವಡೆಯೇ ಇರಲಿಲ್ಲ. ಮಿರಜಿನ ಆಸ್ಪತ್ರೆಯಲ್ಲಿ ದವಡೆಯ ಜೊತೆ ಕೆನ್ನೆಯ ಒಳಭಾಗವನ್ನೂ ಅರ್ಧ ನಾಲಿಗೆಯನ್ನೂ ಕೊಯ್ದು ತೆಗೆದು ನಲವತ್ತು ದಿನಗಳಾಗಿದ್ದವು. ಅಲ್ಲಿಂದ ಬಿಡುವಾಗ ಕೊಟ್ಟ ಕಾಗದ ಈಗ ಡಾಕ್ಟರ ಮೇಜಿನ ಮೇಲಿತ್ತು. ಅದನ್ನು ಓದಿ, ರೂಪ್ಲಪ್ಪನ ಕುತ್ತಿಗೆಯನ್ನು ಬೆರಳಿನಿಂದ ಒತ್ತಿ ನೋಡಿ, ಡಾಕ್ಟರು ಆಗಷ್ಟೇ ಎಲ್ಲವನ್ನೂ ಬಿಡಿಸಿ ಹೇಳಿದ್ದರು.

"ಬಾಯಾಗಿಂದು ತಗದಾರ ಖರೆ, ಆದ್ರ ಅದು ಕುತ್ತಿಗಿಗೆ ಇಳದೈತಿ. ಈ ಗಂಟು ಮುಟ್ಟಿ ನೋಡು, ಕಲ್ಲಾಗೈತಿ. ಇದನ್ನೂ ಕೊಯ್ಯೂಣಂದ್ರ ದೊಡ್ಡ ರಕ್ತನಾಳಕ್ಕ ಹತ್ತಿಕೊಂಡೈತಿ, ಕೈ ಹಚ್ಚಾಕ ಬರಂಗಿಲ್ಲ ಅಂತ ಮಿರಜದವರು ಬರದಾರ. ಇನ್ನ ಉಳಿದದ್ದು ಮುಂಬೈ. ಅಲ್ಲೆ ರೇಡಿಯಮ್ ಅಂತ ಐತಿ. ಅದರ ಸೂಜಿ ಚುಚ್ಚಿ ಇಡತಾರ, ಮ್ಯಾಲ ದಿನಾ ಯಂತ್ರದಿಂದ ಕಿರಣ ಬಿಡತಾರ. ಎರಡು ತಿಂಗಳು ಅಲ್ಲೇ ಇರಬೇಕಾಗತೈತಿ."

"ಅದರಿಂದ ಆರಾಮ ಆಗತೈತೇನ್ರಿ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸುಳ್ಳ ಹೇಳೂದಿಲ್ಲವ್ವ. ಹತ್ತು ಮಂದ್ಯಾಗ ಒಬ್ಬಗ ಆದೀತು. ಉಳಿದವರಿಗೆ ಮೂರೋ ನಾಕೋ ತಿಂಗಳು ಹೆಚ್ಚಿಗಿ ಸಿಗತಾವು, ಅವೂ ಸುಖದ್ದಲ್ಲ. ಬಾಯಿ ಸುಟ್ಟಂಗ ಹುಣ್ಣಾಗತೈತಿ, ಗಂಜೀನೂ ಇಳಿಯೂದು ಕಷ್ಟ. ಅದು ಬ್ಯಾಡಂದ್ರ ಮನ್ಯಾಗ ಇಟಗೋರಿ, ನೋವಿಗೆ ನಾ ಔಷಧ ಕೊಡತೇನಿ. ಯಾವುದು ಮಾಡಿದ್ರೂ ತಪ್ಪಲ್ಲ."

ಆಗಲೇ ರೂಪ್ಲಪ್ಪ ಬಾಯಿ ತೆರೆದದ್ದು. ಪಟ್ಟಿಯ ಒಳಗಿನಿಂದ ಒಂದು ಹೂಂಕಾರದಂಥ ಸದ್ದು ಬಂತು, ಮತ್ತೊಮ್ಮೆ ಬಂತು. ಔಷಧದ ಬಾಟಲಿ ತೊಳೆಯುತ್ತಿದ್ದ ಕಂಪೌಂಡರ್ ಬಸಲಿಂಗಯ್ಯ ನೋವಿಗೆ ನರಳಿದನೆಂದುಕೊಂಡು ಇತ್ತ ತಿರುಗಿದ. ಡಾಕ್ಟರಿಗೂ ತಿಳಿಯಲಿಲ್ಲ. ಜಮುನಾಬಾಯಿಗೆ ಮಾತ್ರ ತಿಳಿಯಿತು. ತುಟಿಗಳು ಒಂದಕ್ಕೊಂದು ಕೂಡದೆ, ನಾಲಿಗೆ ಹೊರಳದೆ ಬಂದ ಆ ಸದ್ದು 'ಮುಂಬೈ' ಎಂಬುದಾಗಿತ್ತು. ಮುಂಬೈಗೆ ಹೋಗೂಣು ಎಂದಿದ್ದ ಅವನು.

ಈ ಮನುಷ್ಯ ಮಾತಿನಿಂದಲೇ ಬದುಕಿದವನು. ಯುದ್ಧ ಶುರುವಾದ ಮೇಲೆ ಕುಳಗಿಯ ಕಾಡಿನಿಂದ ದಾಂಡೇಲಿಗೆ ತೇಗದ ದಿಮ್ಮಿಗಳು ಬಿಡುವಿಲ್ಲದೆ ಇಳಿಯುತ್ತಿದ್ದವು. ದಿಮ್ಮಿ ಎಳೆಯುವ ಎತ್ತಿನವರಲ್ಲಿ ರೂಪ್ಲಪ್ಪನ ಕೂಗು ಎಲ್ಲರಿಗಿಂತ ದೂರ ಹೋಗುತ್ತಿತ್ತು. ಎಡಗೆನ್ನೆಯಲ್ಲಿ ಸುಣ್ಣ ತಿಕ್ಕಿದ ತಂಬಾಕು ಒತ್ತಿಕೊಂಡು, ಸಂಜೆ ತಾಂಡಾದ ಕಟ್ಟೆಯ ಮೇಲೆ ಅವನು ಹುಲಿಯ ಸುದ್ದಿಯನ್ನೋ ಫಾರೆಸ್ಟ್ ಸಾಹೇಬನ ಸುದ್ದಿಯನ್ನೋ ತೆಗೆದರೆ ಹೆಂಗಸರು ಒಲೆಯ ಮೇಲಿನ ರೊಟ್ಟಿ ಮರೆತು ನಿಲ್ಲುತ್ತಿದ್ದರು. ಈಗ ಅವನ ಮಾತು ಊರಿನಲ್ಲಿ ಒಬ್ಬಳಿಗೆ ಮಾತ್ರ ಅರ್ಥವಾಗುತ್ತಿತ್ತು. ಮಿರಜಿನಲ್ಲಿ ಅವನ ಮಂಚದ ಪಕ್ಕ ಕೂತು, ಎಳೆಮಗುವಿನ ತೊದಲು ತಿಳಿದುಕೊಳ್ಳುವ ತಾಯಿಯಂತೆ, ಒಂದೊಂದೇ ಸದ್ದನ್ನು ಅವಳು ತಿಳಿದುಕೊಂಡಿದ್ದಳು.

"ಏನಂದಾ?" ಎಂದರು ಡಾಕ್ಟರು.

ಅವಳಿಗೆ ಮಿರಜಿನ ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಜಾಗ ಕಣ್ಣಿಗೆ ಬಂತು. ಅಲ್ಲಿ ಇಪ್ಪತ್ತಾರು ದಿನ ಗೋಣಿತಟ್ಟಿನ ಮೇಲೆ ಮಲಗಿದ್ದಳು. ದಿನಾ ಬೆಳಿಗ್ಗೆ ನರ್ಸಬಾಯಿ ಪಟ್ಟಿ ಬಿಚ್ಚುವಾಗ ಕೊಳೆ ಪಟ್ಟಿ ಹಾಕುವ ತಾಬಾಣದ ತಟ್ಟೆ ಹಿಡಿದು ನಿಲ್ಲುವುದು, ಕೆನ್ನೆಯಿದ್ದ ಜಾಗದಿಂದ ಗಂಟಲು ಕಾಣುವುದು, ಆ ವಾಸನೆ. ಅದು ಅವಳ ಕೂದಲಿನಲ್ಲಿ, ಅವಳ ರೊಟ್ಟಿಯಲ್ಲಿ ಕೂತುಬಿಟ್ಟಿತ್ತು. ಇನ್ನೆರಡು ತಿಂಗಳು. ಗೊತ್ತಿಲ್ಲದ ಊರು. ಹತ್ತು ಮಂದಿಯಲ್ಲಿ ಒಬ್ಬ.

"ಮನಿಗೆ ಹೋಗೂಣು ಅಂತಾರ್ರಿ," ಎಂದಳು.

ಹೇಳಿದ ಮೇಲೆ ತಾನು ಹೇಳಿದ್ದು ಅವಳ ಕಿವಿಗೆ ಬಿತ್ತು. ಡಾಕ್ಟರು ರೂಪ್ಲಪ್ಪನ ಹೆಗಲ ಮೇಲೆ ಕೈಯಿಟ್ಟು, "ಹೌದೇನಪಾ?" ಎಂದರು. ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಅವನು ಅಲ್ಲಾಡಿಸಲಿಲ್ಲ. ಡಾಕ್ಟರನ್ನೂ ನೋಡಲಿಲ್ಲ. ಹೆಂಡತಿಯನ್ನು ನೋಡಿದ. ಸಿಟ್ಟಿನ ನೋಟವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಸಂತೆಯ ಗದ್ದಲದಲ್ಲಿ ಪರಿಚಯದವರೇನೋ ಎಂದು ನಿಂತು ನೋಡುವವನ ಹಾಗೆ ನೋಡಿದ.

"ಹಂಗಾದ್ರ ಹಂಗ," ಎಂದು ಡಾಕ್ಟರು ಲೇಖನಿ ಕೆಳಗಿಟ್ಟರು. ಬಸಲಿಂಗಯ್ಯ ಕಂದು ಬಣ್ಣದ ಔಷಧ ತುಂಬಿದ ಬಾಟಲಿ ಕೊಟ್ಟು, "ಇದರಾಗ ಅಫೀಮು ಐತಿ. ಹತ್ತು ಹನಿ ಹಾಕಬೇಕು, ನೋವು ಹೆಚ್ಚಾದ್ರ ಹದಿನೈದು," ಎಂದ.

ಹೊರಗೆ ಬೇವಿನ ಮರದ ಕೆಳಗೆ ಮೈದುನ ಲಾಲು ಗಾಡಿ ಹೂಡಿಕೊಂಡು ಕಾಯುತ್ತಿದ್ದ. "ಏನಂದ್ರು ವೈನಿ?" ಎಂದು ಕೇಳಿದ. ಅವಳು ಬಾಟಲಿ ತೋರಿಸಿದಳು. ಅವನು ಮತ್ತೆ ಕೇಳದೆ ಎತ್ತುಗಳ ಬೆನ್ನು ತಟ್ಟಿದ.

ತೇರಗಾಂವದ ದಾರಿಯಲ್ಲಿ ಹಳ್ಳ ಬಂದಾಗ ಲಾಲು ಎತ್ತುಗಳನ್ನು ನೊಗದಿಂದ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋದ. ಗಾಡಿಯಲ್ಲಿ ಇಬ್ಬರೇ ಉಳಿದರು. ಮಧ್ಯಾಹ್ನದ ಬಿಸಿಲಿಗೆ ರೂಪ್ಲಪ್ಪನ ಪಟ್ಟಿ ಒದ್ದೆಯಾಗಿ ನೊಣ ಮುತ್ತುತ್ತಿದ್ದವು. ಜಮುನಾಬಾಯಿ ಸೆರಗಿನಿಂದ ಓಡಿಸಿದಳು. ಓಡಿಸುತ್ತಲೇ ಹೇಳಿದಳು:

"ನೀವು ಅಂದದ್ದು ನನಗ ತಿಳಿದಿತ್ತು. ತಿಳಿದಽ ಸುಳ್ಳ ಹೇಳಿದೆ. ನನ್ನ ಕೈಲೆ ಆಗೂದಿಲ್ಲ ಅನ್ನಿಸ್ತು. ನೀವು ಅಲ್ಲೆ, ಗುರುತಿಲ್ಲದವರ ನಡುವ ಸತ್ತ್ರ ನಾ ಒಬ್ಬಾಕಿ ಏನ ಮಾಡ್ಲಿ ಅಂತನೂ ಅನ್ನಿಸ್ತು. ಯಾವುದು ಮೊದಲ ಅನ್ನಿಸ್ತೋ ಗೊತ್ತಿಲ್ಲ. ಟಪಾಲು ಇನ್ನೂ ಹೋಗಿರೂದಿಲ್ಲ. ಗಾಡಿ ತಿರುಗಿಸೂಣೇನು? ಹೇಳ್ರಿ, ತಿರುಗಸ್ತೇನಿ."

ರೂಪ್ಲಪ್ಪ ಹಳ್ಳದ ಕಡೆ ಮುಖ ತಿರುಗಿಸಿದ. ಆಮೇಲೆ ಏನೋ ಅಂದ. ಎರಡೇ ಸದ್ದು. ಜಮುನಾಬಾಯಿ ಮುಂದೆ ಬಾಗಿದಳು. ಅವಳಿಗೆ ತಿಳಿಯಲಿಲ್ಲ. "ಏನಂದ್ರಿ? ಇನ್ನೊಮ್ಮೆ ಅನ್ರಿ." ಅವಳು ಅವನ ಮೊಳಕಾಲು ಹಿಡಿದು ಅಲುಗಿಸಿದಳು. "ಹೂಂ ಅಂದ್ರ ಕೈ ಎತ್ರಿ, ಅಷ್ಟಽ ಸಾಕು." ಅವನು ಕಣ್ಣು ಮುಚ್ಚಿ ಗಾಡಿಯ ಬಿದಿರಿಗೆ ಒರಗಿದ. ಲಾಲು ಎತ್ತುಗಳನ್ನು ತಂದು ಹೂಡಿದ. ಅವಳು 'ತಿರುಗಿಸು' ಎನ್ನಲಿಲ್ಲ, 'ನಡಿ' ಎಂದೂ ಅನ್ನಲಿಲ್ಲ. ಎತ್ತುಗಳಿಗೆ ಮನೆಯ ದಾರಿ ಗೊತ್ತಿತ್ತು.

ಕುತ್ತಿಗೆಯ ಗಂಟು ಒಡೆಯಲು ಒಂದು ತಿಂಗಳೂ ಹಿಡಿಯಲಿಲ್ಲ. ಹತ್ತು ಹನಿ ಹದಿನೈದಾಯಿತು, ಹದಿನೈದು ಇಪ್ಪತ್ತೈದಾಯಿತು. ಜಮುನಾಬಾಯಿ ದಿನಕ್ಕೆ ನಾಲ್ಕು ಸಲ ಗಾಯದ ಬಟ್ಟೆ ಬದಲಿಸಿದಳು, ಗಿಂಡಿಯ ಮೂತಿಯಿಂದ ಬಲಗೆನ್ನೆಗೆ ಗಂಜಿ ಬಿಟ್ಟಳು. ಮಿರಜಿನಲ್ಲಿ ಯಾವುದನ್ನು ಇನ್ನು ತಾಳಲಾರೆ ಅಂದುಕೊಂಡಿದ್ದಳೋ ಅದನ್ನೇ ಇಲ್ಲಿ ಅದರ ಎರಡರಷ್ಟು ಮಾಡಿದಳು, ಮಾಡಲು ಬಂತು. ಅದೇ ಅವಳನ್ನು ಹೆಚ್ಚು ಸುಟ್ಟಿತು. ಮುಂಬೈಯಲ್ಲೂ ಇದನ್ನು ಮಾಡಬಹುದಾಗಿತ್ತು. ರೂಪ್ಲಪ್ಪ ಆಮೇಲೆ ಮಾತಾಡಲೇ ಇಲ್ಲ. ನೀರು ಬೇಕಾದರೆ ಗಿಂಡಿಯ ಕಡೆ ನೋಡುತ್ತಿದ್ದ.

ಅವನ ಅಕ್ಕ ನಾನಿಬಾಯಿ ಸುದ್ದಿ ಕೇಳಿ ಮುಂಡಗೋಡದ ಕಡೆಯ ತಾಂಡಾದಿಂದ ಬಂದಳು. ತಮ್ಮನ ಮುಖ ನೋಡಿ ಎದೆ ಬಡಿದುಕೊಂಡಳು. ಅಷ್ಟು ಹೊತ್ತಿಗೆ ದವಾಖಾನೆಗೆ ಹೋಗಿಬಂದ ಯಾರೋ ಅವಳ ಕಿವಿಗೆ ಮುಂಬೈಯ ಔಷಧದ ವಿಷಯ ಹಾಕಿದ್ದರು. ತಾಂಡಾದ ನಾಯಕ ತುಳಜಪ್ಪ, ಲಾಲು, ನೆರೆಯ ಹೆಂಗಸರು ಎಲ್ಲ ಬಾಗಿಲಲ್ಲಿ ನೆರೆದಿದ್ದಾಗಲೇ ಅವಳು ಎದ್ದುನಿಂತು ಜಮುನಾಬಾಯಿಯ ಕಡೆ ಕೈ ಮಾಡಿದಳು.

"ಮುಂಬೈದಾಗ ಇಲಾಜ ಐತಿ ಅಂತ ಡಾಕ್ಟರ ಹೇಳಿದ್ರಂತಲ್ಲ, ಯಾಕ ಕರಕೊಂಡ ಹೋಗಲಿಲ್ಲ? ಬಾಯಿಲ್ಲದವನ್ನ ಮನ್ಯಾಗ ಹಾಕಿ ಕೊಲ್ಲಾಕತ್ತೀ ಏನ? ಅವ ಬ್ಯಾಡಂದನಾ? ಯಾರ ಮುಂದ ಅಂದಾ?"

ಜಮುನಾಬಾಯಿ ಬಾಯಿ ತೆರೆದಳು. ಇವತ್ತು ಹೇಳಿಬಿಡಬೇಕು ಎಂದೇ ತೆರೆದಳು. "ಅಕ್ಕಾ, ಅವರು ಅಂದದ್ದು..."

ಹಾಸಿಗೆಯಿಂದ ಒಂದು ಸದ್ದು ಬಂತು. ರೂಪ್ಲಪ್ಪ ಮೊಳಕೈ ಊರಿ ಎದ್ದಿದ್ದ. ಬಲಗೈ ಎತ್ತಿ ತನ್ನ ಎದೆಗೆ ಬಡಿದುಕೊಂಡ, ಮತ್ತೆ ಬಡಿದುಕೊಂಡ. ಆಮೇಲೆ ಅದೇ ಕೈಯಿಂದ ಮನೆಯ ನೆಲವನ್ನು ತೋರಿಸಿದ. ಎಲ್ಲರಿಗೂ ಕಾಣಬೇಕೆಂಬಂತೆ ಬೆರಳನ್ನು ಹಾಗೆಯೇ ನೆಲಕ್ಕೆ ಒತ್ತಿ ಹಿಡಿದ.

"ಅವನಽ ಅಂದಾನ ತಂಗಿ," ಎಂದ ತುಳಜಪ್ಪ. "ಮನಿಗೇ ಬರತೇನಿ ಅಂದಾನ. ನೋಡವ್ವಾ, ಹೇಳಾಕತ್ತಾನ."

ನಾನಿಬಾಯಿ ಕುಸಿದು ಕೂತು ತಮ್ಮನ ಕಾಲು ಹಿಡಿದು ಅತ್ತಳು. ಸ್ವಲ್ಪ ಹೊತ್ತಿಗೆ, "ತಪ್ಪಾತವ್ವ, ಸಂಕಟದಾಗ ಅಂದೆ," ಎಂದು ಜಮುನಾಬಾಯಿಯ ಗದ್ದ ಮುಟ್ಟಿದಳು. ಜಮುನಾಬಾಯಿ ಗಂಡನ ಕಣ್ಣು ಹುಡುಕಿದಳು. ಅವನು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ.

ಅವಳು ಮೂಲೆಯಲ್ಲಿದ್ದ ಹೊಲಸು ಬಟ್ಟೆಗಳನ್ನು ಬುಟ್ಟಿಗೆ ಹಾಕಿಕೊಂಡು ಹಳ್ಳಕ್ಕೆ ಹೋದಳು. ಕಲ್ಲಿನ ಮೇಲೆ ಕೂತು ಒಂದೊಂದೇ ಒಗೆದಳು. ಮೊದಲು ನೀರು ಕಂದಾಗಿ ಹರಿಯಿತು, ಆಮೇಲೆ ತಿಳಿಯಾಯಿತು. ಒಗೆದದ್ದನ್ನು ಹಿಂಡಿ ಕಲ್ಲಿನ ಮೇಲೆ ಹರವಿದಳು. ಮತ್ತೆ ಮೊದಲನೆಯ ಬಟ್ಟೆಯನ್ನು ತೆಗೆದುಕೊಂಡು ನೀರಿಗೆ ಅದ್ದಿದಳು.