ಕೊಡದ ಹಿಂದಿನ ಗಡ್ಡೆ

ನಮ್ಮ ಅತ್ತೆ ಮಾಣಿಕಬಾಯಿಯವರ ಎದುರು ಗಡ್ಡೆ ಎಂಬ ಮಾತೆತ್ತಿದರೆ ಸಾಕು, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರುತ್ತಿದ್ದರು. ಜೈನರ ಮನೆಯಲ್ಲಿ ನೆಲದೊಳಗೆ ಬೆಳೆದದ್ದನ್ನು ತಿನ್ನುವುದಿಲ್ಲ, ಸರಿ. ಅಕಿವಾಟದ ನನ್ನ ತವರಿನಲ್ಲೂ ಉಳ್ಳಾಗಡ್ಡಿ, ಬಟಾಟೆ ಹೊಸ್ತಿಲು ದಾಟುತ್ತಿರಲಿಲ್ಲ. ಆದರೆ ಅತ್ತೆಯವರದು ಒಂದು ಕೈ ಹೆಚ್ಚು. ಕಾಯಿಪಲ್ಲೆ ಮಾರುವವಳು ಕೊಸರು ಎಂದು ಒಂದು ಬಟಾಟೆ ಹಾಕಿದರೂ ಅದನ್ನು ಕೋಲಿನಿಂದ ಹೊರಗೆ ತಳ್ಳಿ, "ರಾಯವ್ವಾ, ಒಯ್ಯ ಇದನ್ನ" ಎನ್ನುತ್ತಿದ್ದರು.

ರಾಯವ್ವ ನಮ್ಮ ಮನೆಯ ಭಾಂಡೆ ತಿಕ್ಕುವವಳು. ಊರ ಅಂಚಿನ ಶಹಾಪುರದಲ್ಲಿ ಅವಳ ಮನೆ. ಗಂಡ ಹಣಮಂತ ನಮ್ಮದೇ ಮಗ್ಗದ ಶೆಡ್ಡಿನಲ್ಲಿ ನೇಯುತ್ತಿದ್ದ. ಇಚಲಕರಂಜಿಯ ನಮ್ಮ ಓಣಿಗೆ ದಾರಿ ತಪ್ಪಿ ಬಂದ ಗಡ್ಡೆಗಳೆಲ್ಲ ಕೊನೆಗೆ ಅವಳ ಸೆರಗಿಗೇ ಬೀಳುತ್ತಿದ್ದವು.

ಇಂಥ ಅತ್ತೆಗೆ ಗಂಡನಾಗಿ ಸಿಕ್ಕವರು ನಮ್ಮ ಮಾವ ಕಾಕಾಸಾಹೇಬರು. ಮಗ್ಗದ ಶೆಡ್ಡಿಗಿಂತ ಹೂವಿನ ಕುಂಡಗಳ ಮೇಲೆ ಅವರಿಗೆ ಪ್ರೀತಿ. ಶೆಡ್ಡಿನ ಮಾಡಿಗೆ ಹೊಸ ಗಾಜು ಹಾಕಿಸಿದಾಗ ಹಳೆಯ ಗಾಜುಗಳನ್ನೆಲ್ಲ ಹಿತ್ತಲಿಗೆ ಹೊರಿಸಿಕೊಂಡು ಬಂದು, ಹೂವಿಗಾಗಿ ಒಂದು ಗಾಜಿನ ಮನೆಯನ್ನೇ ಕಟ್ಟಿಸಿದ್ದರು. ಊರ ಜನ ನಕ್ಕರು. ಮಾವ ನಗುವವರನ್ನೂ ಒಳಗೆ ಕರೆದು ತೋರಿಸಿದರು.

ಅರವತ್ತೊಂದರ ದೀಪಾವಳಿಯ ಹೊತ್ತಿಗೆ ಕೊಲ್ಹಾಪುರದ ಅವರ ಸ್ನೇಹಿತ ಜೋತಿಬಾ ಮಾಸ್ತರರು ಮೂರು ಗಡ್ಡೆ ಕೊಟ್ಟರು. ಮಾಸ್ತರರು ಕಾಲೇಜಿನಲ್ಲಿ ಗಿಡಮರಗಳ ಪಾಠ ಹೇಳುವವರು, ವಿಲಾಯತಿಗೆ ಹೋಗಿ ಬಂದವರು. ಹೂವಿನ ಹೆಸರು ಸೈಕ್ಲಮೆನ್. ಅವರು ಮಾವನಿಗೆ ಹೇಳಿದ ಮಾತು ನನಗೆ ತಿಳಿದದ್ದು ಆಮೇಲೆ.

"ಕಾಕಾಸಾಹೇಬ, ಇದು ಬರ್ಫದಾಗೂ ಸಾಯೂದಿಲ್ಲ, ಅಷ್ಟ ಗಟ್ಟಿ ಜೀವ. ಆದ್ರ ನನ್ನ ಚೀಲದಾಗ ಎರಡ ಜಾತಿ ಕೂಡಿ ಹೋಗ್ಯಾವ. ಒಂದು ಮಳಿಗಾಲ ಮುಗಿಯೂ ಹೊತ್ತಿಗೆ ಎಲಿಗಿಂತ ಮೊದಲ ಹೂ ಬಿಡತೈತಿ, ಹೂವಿನ ಬಾಯಿಗೆ ಸಣ್ಣ ಸಣ್ಣ ಕಿವಿ ಇರತಾವ. ಇನ್ನೊಂದು ಚಳಿಗಾಲದ್ದು, ಅದಕ್ಕ ಕಿವಿ ಇಲ್ಲ. ಹೂ ನೋಡಿ ಗುರ್ತ ಹಿಡೀರಿ. ಬ್ಯಾಸಿಗ್ಯಾಗ ಎಲಿ ಒಣಗಿದ್ರ ಸತ್ತೈತಿ ಅನಬ್ಯಾಡ್ರಿ, ಮಲಗಿರತೈತಿ. ನೀರ ಹಾಕಬ್ಯಾಡ್ರಿ, ತಂಪ ಜಾಗಾದಾಗ ಇಡ್ರಿ."

ಗಡ್ಡೆ ಎಂದರೆ ಚಪ್ಪಟೆಯಾಗಿ, ದುಂಡಗೆ, ಕಂದು ಬಣ್ಣದ್ದು. ಒಂದು ಮೈ ನುಣುಪು, ಇನ್ನೊಂದು ಮೈಯಲ್ಲಿ ಒಣಗಿದ ಬೇರಿನ ಎಳೆಗಳು. ಬೇರು ಕೆಳಗೇ ಇರಬೇಕಲ್ಲ? ಮಾವ ಹಾಗೇ, ಬೇರಿನ ಮೈಯನ್ನು ಕೆಳಗೆ ಮಾಡಿ ಕುಂಡದಲ್ಲಿ ಹುಗಿದರು. ಮನೆಯಲ್ಲಿ ಮಾತ್ರ "ವಿಲಾಯತಿ ಬೀಜಾ ಹಾಕೇನಿ" ಎಂದು ಹೇಳಿದರು. ಗಡ್ಡೆ ಎಂದು ಹೇಳಲು ಅವರಿಗೇನು ಹುಚ್ಚೇ?

ಎಲೆಗಳು ಬಂದವು. ಹುಪರಿಯ ಬೆಳ್ಳಿ ಕೆಲಸದವರು ಕೂತು ಕೆತ್ತಿದ ಹಾಗೆ ಒಂದೊಂದು ಎಲೆಯ ಮೇಲೂ ಬಿಳಿ ಚಿತ್ತಾರ. ಅತ್ತೆಯವರೂ ಬಾಗಿ ನೋಡಿ, "ಬೀಜಾ ಚಲೋ ಐತ್ರಿ" ಎಂದರು. ಹೂ ಮಾತ್ರ ಬರಲಿಲ್ಲ. ಚೈತ್ರದಲ್ಲಿ ಎಲೆಗಳೂ ಹಳದಿಯಾಗಿ ಉದುರಿದವು.

ವೈಶಾಖ ಬಂತು. ಗಾಜಿನ ಮನೆಯೊಳಗೆ ಹಪ್ಪಳ ಇಟ್ಟರೆ ತಾನೇ ಸುಡುವಂಥ ಬಿಸಿ. ಮಾವ ಗಡ್ಡೆಗಳನ್ನು ಕುಂಡದಿಂದ ತೆಗೆದು, ಪುಟ್ಟ ಬುಟ್ಟಿಯಲ್ಲಿ ಒಣ ಉಸುಕು ಹಾಕಿ, ಅದರಲ್ಲಿಟ್ಟರು. ಆಮೇಲೆ ತಂಪು ಜಾಗ ಹುಡುಕಿದರು. ಮನೆಯಲ್ಲೆಲ್ಲ ತಂಪಾದ ಜಾಗ ಯಾವುದು? ಅಡುಗೆಮನೆಯ ಮೂಲೆ, ಕುಡಿಯುವ ನೀರಿನ ಕೊಡಗಳ ಹಿಂದೆ. ಯಾರೂ ಇಲ್ಲದ ಹೊತ್ತು ನೋಡಿ ಬುಟ್ಟಿಯನ್ನು ಅಲ್ಲಿ ಸರಿಸಿ ಬಂದರು. ಈ ಬುದ್ಧಿಗೆ ಏನೆನ್ನಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮರುದಿನ ಮುಂಜಾನೆ ಅತ್ತೆಯವರು ಕೊಡ ಎತ್ತಿದರು, ಹಿಂದೆ ನೋಡಿದರು, ಕೊಡ ಕೈಯಿಂದ ಜಾರಿತು. ಮನೆಯ ನೀರೆಲ್ಲ ಚೆಲ್ಲಿಸಿದರು. ನೀರು ಸೋಸುವ ಬಟ್ಟೆಯನ್ನು ಕುದಿಸಿದರು. ಅಡುಗೆಮನೆ ತೊಳೆಸಿದರು. ಗಡ್ಡೆಗಳು ಎಂದಿನಂತೆ ರಾಯವ್ವನ ಸೆರಗಿಗೆ ಬಿದ್ದವು.

ಮಧ್ಯಾಹ್ನ ಊಟಕ್ಕೆ ಮಾವ, ನನ್ನ ಗಂಡ ಅಭಯಕುಮಾರ ಕೂತಿದ್ದರು. ಅತ್ತೆಯವರು ನನ್ನ ಕಡೆ ತಿರುಗಿದರು.

"ಶಾಲನ, ತವರಿಂದ ಮೊನ್ನೆನ ಬಂದೀಯಲ್ಲ. ಅಕಿವಾಟದ ಕಡೆ ಸುರಣಗಡ್ಡಿ ಬೆಳೀತಾರಂತ. ಅದರ ಮರಿ ಇದ್ದಂಗ ಇದ್ದೂವು."

"ನಾ ತಂದಿಲ್ರಿ ಅತ್ತ್ಯಾರ! ಆಣಿ ಮಾಡ್ತೀನಿ."

"ಆಣಿ ಬ್ಯಾಡ. ಮತ್ತ್ಯಾರು ತರತಾರ? ಅಡಗಿ ಮನ್ಯಾಗ ನಾ, ನೀ ಇಬ್ಬರ ಇರೂದು. ದಶಲಕ್ಷಣದ ಅಡಗೀಗೆ ನಿನ್ನ ಕೈ ಬ್ಯಾಡ, ಅಷ್ಟ."

ಗಂಡ "ಅವ್ವಾ, ಬಿಡ..." ಎಂದು ಶುರು ಮಾಡಿ ಅಲ್ಲೇ ಮುಗಿಸಿದರು. ನಾನು ಮಾವನ ಮುಖ ನೋಡಿದೆ. ಮನೆಯ ಹಿರಿಯರು, ಒಂದು ಮಾತು ಆಡಿಯಾರು ಎಂದು. ಮಾವ ತಾಟನ್ನೇ ನೋಡುತ್ತ, "ಒಂದ್ ಸ್ವಲ್ಪ ಮಜ್ಜಿಗಿ ಹಾಕು" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಮ್ಮ ಮಾವ ಮಜ್ಜಿಗೆಯ ವಾಟಿ ಮುಟ್ಟಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಕೇಳಿದ್ದೆ, ಆ ಎಮ್ಮೆ ನಾನೇ ಆಗಿದ್ದೇನೆಂದು ಆಗ ಗೊತ್ತಿರಲಿಲ್ಲ.

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ದಶಲಕ್ಷಣವೆಂದರೆ ಭಾದ್ರಪದದ ಹತ್ತು ದಿನ, ನಮಗೆ ಅದಕ್ಕಿಂತ ದೊಡ್ಡ ಪರ್ವವಿಲ್ಲ. ಅತ್ತೆಯವರು ಉಪವಾಸ ಮಾಡುತ್ತಾರೆ, ಪಾರಣೆಗೆ ಸೊಸೆ ಅಡುಗೆ ಮಾಡಿ ಬಡಿಸಬೇಕು. ಆ ಅಡುಗೆಗೆ ನನ್ನ ಕೈ ಬೇಡವೆಂದರೆ ಈ ಮನೆಗೆ ನಾನು ಯಾತಕ್ಕೆ? ತವರಿಗೆ ಸುದ್ದಿ ಮುಟ್ಟಿದರೆ ಅವ್ವ ಅನ್ನ ಬಿಡುತ್ತಾಳೆ.

ಇತ್ತ ಮಾವ ಖಾಲಿ ಕುಂಡಗಳನ್ನು ಕಾಯುತ್ತಿದ್ದರು. ಬಂದವರಿಗೆಲ್ಲ ಮಣ್ಣು ತೋರಿಸಿ, "ಮಲಗ್ಯಾವ್ರಿ, ಸಪ್ಪಳ ಮಾಡಬ್ಯಾಡ್ರಿ" ಎನ್ನುತ್ತಿದ್ದರು. ಬುಟ್ಟಿ ಎಲ್ಲಿ ಹೋಯಿತೆಂದು ಯಾರನ್ನು ಕೇಳಿಯಾರು? ಕೇಳಿದರೆ ಇಟ್ಟವರು ಯಾರೆಂದು ಹೇಳಬೇಕಲ್ಲ. ಒಮ್ಮಿಂದೊಮ್ಮೆಲೇ ನನ್ನ ಮೇಲೆ ಅವರಿಗೆ ಮಮತೆ ಉಕ್ಕಿತು. ಕೊಲ್ಹಾಪುರಕ್ಕೆ ಹೋದರೆ ಪೇಢೆ, ಗಡಹಿಂಗ್ಲಜದ ಪೇಟೆಗೆ ಹೋದರೆ ಬಳೆ. ಪಾಪ, ಎಂಥ ದೇವರಂಥ ಮಾವ ಎಂದುಕೊಂಡು ಪೇಢೆ ತಿಂದೆ.

ಪರ್ವ ಬಂತು, ಹೋಯಿತು. ಹತ್ತು ದಿನವೂ ನಾನು ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತ ಕೂತೆ. ಅತ್ತೆಯವರು ಉಪವಾಸದ ಮೈಯಲ್ಲಿ ತಾವೇ ಒಲೆ ಊದಿದರು. ಆ ಹೊಗೆಯಲ್ಲಿ ಅವರು ಕೆಮ್ಮುವುದನ್ನು ಕೇಳಿದರೆ ನನಗೆ ಸಿಟ್ಟಿನ ಜೊತೆಗೆ ಮರುಕವೂ ಆಗುತ್ತಿತ್ತು. ಅವರು ನಂಬಿದ್ದನ್ನು ನಂಬಿ ಹಟ ಹಿಡಿದಿದ್ದರು, ನಾನು ನನ್ನ ಹಟ ಹಿಡಿದಿದ್ದೆ.

ಪರ್ವ ಮುಗಿದ ಮೇಲೆ ಕ್ಷಮಾವಾಣಿ. ಆ ದಿನ ದೊಡ್ಡವರು, ಸಣ್ಣವರು ಎನ್ನದೆ ಎಲ್ಲರೂ ಎಲ್ಲರಿಗೂ ಕೈ ಮುಗಿದು, ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸಬೇಕು ಎಂದು ಕೇಳುತ್ತಾರೆ. ವರ್ಷಕ್ಕೊಮ್ಮೆ ಎಲ್ಲರೂ ಕೇಳುತ್ತಾರೆ, ಎಲ್ಲರೂ ಕೊಡುತ್ತಾರೆ. ಯಾವ ತಪ್ಪು ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ. ಮುಂಜಾನೆ ಬಸದಿಯಿಂದ ಬಂದು ನಾವೂ ಹಾಗೇ ಕೇಳಿದೆವು, ಕೊಟ್ಟೆವು. ಅತ್ತೆಯವರು ನನಗೂ ಕೈ ಮುಗಿದರು, ಮುಗಿದು ನೆಟ್ಟಗೆ ಅಡುಗೆಮನೆಗೆ ಹೋದರು. ನನ್ನನ್ನು ಒಳಗೆ ಕರೆಯಲಿಲ್ಲ.

ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ರಾಯವ್ವ ತಗಡಿನ ಡಬ್ಬಿ ಹಿಡಿದು ನಿಂತಳು.

"ಬಾಯಾರ, ಬ್ಯಾಸಿಗ್ಯಾಗ ನೀವ ಕೊಟ್ಟ ಗಡ್ಡಿ ಏನ ಮಾಡೈತಿ ನೋಡ ಬರ್ರಿ! ಒಂದನ್ನ ಕುದಿಸಿ ಪಲ್ಯ ಮಾಡಿದ್ದೆ. ನಮ್ಮ ಮನಿಯಾಂವ ಒಂದ ತುತ್ತ ತಿಂದು, ನಾಲಿಗಿ ಉರದು ಎರಡ ದಿನಾ ಮಾತಾಡಲಿಲ್ಲ. ಮನ್ಯಾಗ ಭಾಳ ಸುಖಾ ಇತ್ರಿ. ಉಳದ ಎರಡನ್ನ ಹಿಂದ ಸೂರಿನ ಬುಡಕ ಒಗದಿದ್ದೆ. ಒಂದು ಹಿಂಗಾಗೇತಿ, ಮಣ್ಣ ಸಮೇತ ಎತ್ತಿ ತಂದೆ."

ಡಬ್ಬಿಯಲ್ಲಿ ಒಂದೂ ಎಲೆಯಿಲ್ಲ. ಮಣ್ಣಿನಿಂದ ನೇರ ಎದ್ದ ತೆಳ್ಳನೆಯ ದೇಟುಗಳು, ತುದಿಗೆ ಗುಲಾಬಿ ಬಣ್ಣದ ಹೂಗಳು. ಗಾಳಿಗೆ ಮಗುಚಿದ ಕೊಡೆಯ ಹಾಗೆ ಎಸಳೆಲ್ಲ ಹಿಂದಕ್ಕೆ ತಿರುಗಿದ್ದವು.

ಮಾವ ಎಲ್ಲಿದ್ದರೋ, ಓಡಿ ಬಂದು ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಹೂವನ್ನು ಬೆರಳಿನಿಂದ ಎತ್ತಿ ಅದರ ಬಾಯಿ ನೋಡಿದರು.

"ಕಿವಿ ಅದಾವ! ಕಿವಿ ಅದಾವ! ಮಳಿಗಾಲದ ಜಾತಿ!" ಮೇಲಿನ ಮಣ್ಣು ಸರಿಸಿದರು. ಗಡ್ಡೆಯ ಬೇರುಗಳೆಲ್ಲ ಮೇಲಿನ ಮೈಯಿಂದಲೇ ಹೊರಟು ಕೆಳಗೆ ಇಳಿದಿದ್ದವು. "ಅಯ್ಯ, ಇದರ ಬೇರು ಮ್ಯಾಲ ಇರತಾವ! ನಾ ತಲಿಕೆಳಗ ಮಾಡಿ ಹುಗದಿದ್ದೆ, ಅದಕ್ಕ ಹೂ ಬರಲಿಲ್ಲ. ರಾಯವ್ವ ಒಗದ್ರೂ ನೆಟ್ಟಗ ಬಿದ್ದೈತಿ!"

"ನೀವ ಹುಗದಿದ್ದು ಬೀಜಾ ಅಲ್ಲನ್ರಿ?" ಅತ್ತೆಯವರ ದನಿ ಅಡುಗೆಮನೆಯ ಬಾಗಿಲಿಂದ ಬಂತು.

ಮಾವ ಸರಿಸಿದ ಮಣ್ಣನ್ನು ಗಡಿಬಿಡಿಯಿಂದ ಗಡ್ಡೆಯ ಮೇಲೆ ಮುಚ್ಚಿದರು. ಅತ್ತೆಯವರು ಡಬ್ಬಿ ನೋಡಿದರು, ಗಂಡನನ್ನು ನೋಡಿದರು, ಹಿಂದಕ್ಕೆ ತಿರುಗಿ ನೀರಿನ ಕೊಡಗಳ ಮೂಲೆ ನೋಡಿದರು.

"ಮುಂಜಾನೆನ ಕ್ಷಮಾ ಕೇಳೀನಲ್ಲ," ಎಂದರು ಮಾವ ಮೆಲ್ಲಗೆ. "ನೀನೂ ಕೊಟ್ಟೀದಿ. ಈಗ ತಿರುಗಿ ತಗೊಳ್ಳಾಕ ಬರೂದಿಲ್ಲ."

ಅತ್ತೆಯವರು ನೆಟ್ಟಗೆ ನನ್ನ ಹತ್ತಿರ ಬಂದು ಕೈ ಮುಗಿದರು. "ಶಾಲನ, ಮುಂಜಾನೆ ನಾ ಬರೇ ಬಾಯಿಲೆ ಕೇಳಿದ್ದೆ. ನಿನ್ನ ಮ್ಯಾಲ ಸುಳ್ಳ ಹೊರಿಸಿದೆ, ನಿನ್ನ ತವರಿನ ಹೆಸರ ತಗದೆ. ಕ್ಷಮಾ ಮಾಡವ್ವ. ಒಳಗ ಬಾ, ಒಲಿ ನೀ ನೋಡ್ಕೋ."

ಇಷ್ಟು ದಿನ ತಡೆದಿದ್ದ ಅಳು ಅವರ ಹೆಗಲ ಮೇಲೆ ಹೊರಬಂತು. ಹೊಗೆಯ ವಾಸನೆಯ ಆ ಸೀರೆಯನ್ನು ನಾನು ಬಿಡಲೇ ಇಲ್ಲ. ರಾಯವ್ವನಿಗೆ ಏನೂ ತಿಳಿಯದಿದ್ದರೂ ಜೊತೆಗಿರಲೆಂದು ಅವಳೂ ಮೂಗು ಒರೆಸಿಕೊಂಡಳು.

ಗಡ್ಡೆಗಳು ರಾಯವ್ವನ ಹಿತ್ತಲಲ್ಲೇ ಇರಬೇಕೆಂದು ಅತ್ತೆಯವರ ತೀರ್ಪಾಯಿತು. ಹೂ ನೋಡಬೇಕಾದರೆ ಮಾಲಕರಾದ ಮಾವನೇ ಶಹಾಪುರಕ್ಕೆ ನಡೆದು ಹೋಗಬೇಕು. ಇನ್ನೊಂದು ಗಡ್ಡೆಯ ಜಾತಿ ಯಾವುದೆಂದು ಚಳಿಗಾಲದವರೆಗೆ ಅಲ್ಲಿಯೇ ಕಾಯಬೇಕು. ಸೈಕ್ಲಮೆನ್ ಗಡ್ಡೆ ವಿಲಾಯತಿಯಲ್ಲಿ ಹಂದಿಗಳ ಆಹಾರವೆಂದು ಜೋತಿಬಾ ಮಾಸ್ತರರು ಆಮೇಲೆ ಹೇಳಿದರು. ಹಣಮಂತನಿಗೆ ನಾವದನ್ನು ತಿಳಿಸಲಿಲ್ಲ.

ಆ ಮಧ್ಯಾಹ್ನ ಎಲ್ಲರಿಗೂ ನಾನೇ ಬಡಿಸಿದೆ. ಅತ್ತೆಯವರು ಮೊದಲ ತುತ್ತು ತಿಂದು ತಲೆಯಾಡಿಸಿದರು. ಮಾವ ಮಾತ್ರ ಊಟ ಮುಟ್ಟದೆ ಕೂತಿದ್ದರು. ನಾನು ಎದುರಿಗೆ ಬಂದಾಗ ಎರಡೂ ಕೈ ಮುಗಿದರು.

"ಮುಂಜಾನೆ ಕೇಳಿದ್ರಲ್ರಿ ಮಾವಾರ," ಎಂದೆ. "ಈಗ ಯಾತಕ್ಕ?"

"ಅವತ್ತ ನಿನಗ ಅಂದಾಗ ನಾ ಮಜ್ಜಿಗಿ ಕೇಳಿದೆನಲ್ಲ, ಅದಕ್ಕ."

ನಾನು ಒಳಗೆ ಹೋಗಿ ಮಜ್ಜಿಗೆಯ ತಂಬಿಗೆ ತಂದು ಅವರ ವಾಟಿ ತುಂಬಿಸಿದೆ.